ಅಜ್ಜಿಯ ಮಡಿ ಗಳ

ನಮ್ಮ ತವರುಮನೆಯ ನಡುಮನೆಯಲ್ಲಿ, ಮಾಡಿನ ತೊಲೆಯಿಂದ ಎರಡು ಹಗ್ಗ ಇಳಿಬಿಟ್ಟು ತೂಗಿಸಿದ್ದ ಒಂದು ಬಿದಿರಿನ ಗಳವಿತ್ತು. ಹದಿನಾಲ್ಕು ಅಡಿ ಉದ್ದ. ಹಳೆಯ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟೆರೇಸಿನ ಮೇಲೆ ನೈಲಾನ್ ಹಗ್ಗ ಕಟ್ಟಿ ಪ್ಲಾಸ್ಟಿಕ್ ಕ್ಲಿಪ್ಪು ಸಿಕ್ಕಿಸುವ ಮಕ್ಕಳಿಗಾಗಿ ಹೇಳುತ್ತೇನೆ: ಅದು ಮಡಿ ಗಳ. ಅಜ್ಜಿ ಬೆಳಗ್ಗೆ ಮಿಂದು, ಒಗೆದ ಸೀರೆಯನ್ನು ಕೋಲಿನ ತುದಿಗೆ ಸಿಕ್ಕಿಸಿ, ತಲೆಯ ಮೇಲೆತ್ತಿ ಗಳದ ಮೇಲೆ ಹರಡುತ್ತಿದ್ದಳು. ಮಾರನೆಯ ಬೆಳಗ್ಗೆ ಅದೇ ಕೋಲಿನಿಂದ ತೆಗೆದು ಉಡುತ್ತಿದ್ದಳು. ನಡುವಿನ ಇಪ್ಪತ್ತನಾಲ್ಕು ಗಂಟೆ ಆ ಸೀರೆಯನ್ನಾಗಲಿ ಗಳವನ್ನಾಗಲಿ ಯಾರೂ ಮುಟ್ಟುವಂತಿರಲಿಲ್ಲ. ನಾವು ಮಕ್ಕಳು ಅದರ ಕೆಳಗೆ ಹಾಯುವಾಗ ತಲೆ ತಗ್ಗಿಸುತ್ತಿದ್ದೆವು. ತಲೆ ತಾಗುವಷ್ಟು ಎತ್ತರ ನಮಗೆಲ್ಲಿತ್ತು, ಆದರೂ ತಗ್ಗಿಸುತ್ತಿದ್ದೆವು.

ಸಾಗರ ಸೀಮೆಯ ಮಳೆಗಾಲ ನಿಮಗೆ ಗೊತ್ತಲ್ಲ. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡುವುದಿಲ್ಲ. ಹದಿನೆಂಟು ಮೊಳದ ಸೀರೆಯನ್ನು ಎಷ್ಟು ಹಿಂಡಿದರೂ ಅದು ನೀರು ಹೊತ್ತೇ ಇರುತ್ತದೆ. ಅಜ್ಜಿಯ ಸೀರೆ, ದೊಡ್ಡಮ್ಮನ ಸೀರೆ, ಅಜ್ಜನ ಪೂಜೆಯ ಪಂಚೆ, ಎಲ್ಲ ಒಂದೇ ಗಳದ ಮೇಲೆ. ಒಣಗುವುದಿಲ್ಲವೆಂದು ಕೆಳಗೆ ಹಳೆಯ ಬಾಣಲೆಯಲ್ಲಿ ಕೆಂಡ ತುಂಬಿ ಇಡುತ್ತಿದ್ದರು. ಹೀಗೆ ಮೇಲಿನಿಂದ ಭಾರ, ಮೈಯೊಳಗೆ ತೇವ, ಕೆಳಗಿನಿಂದ ಕಾವು, ನಾಲ್ಕು ತಿಂಗಳು. ನವರಾತ್ರಿಯ ಹೊತ್ತಿಗೆ ಗಳ ನಡುವಿನಲ್ಲಿ ನಾಲ್ಕು ಬೆರಳು ಇಳಿದಿರುತ್ತಿತ್ತು. "ಗಳ ಹೊಟ್ಟೆ ಬಿಡ್ತು" ಎನ್ನುತ್ತಿದ್ದಳು ಅಜ್ಜಿ, ಹಟ್ಟಿಯ ಎಮ್ಮೆಯ ವಿಷಯ ಹೇಳಿದ ಹಾಗೆ.

ಅದಕ್ಕೆ ಅವಳ ಔಷಧಿ ಸರಳ. ಆಯುಧಪೂಜೆಯ ಹಿಂದಿನ ದಿನ ಹಗ್ಗ ಸಡಿಲಿಸಿ ಗಳವನ್ನು ಅರ್ಧ ಸುತ್ತು ತಿರುಗಿಸುವುದು. ಹೊಟ್ಟೆ ಬೆನ್ನಾಗುತ್ತಿತ್ತು. ಒಂದು ವಾರ ಅದು ನಡುಮನೆಯಲ್ಲಿ ಕಾಮನಬಿಲ್ಲಿನಂತೆ ಮೇಲಕ್ಕೆ ಬಾಗಿ ನಿಂತಿರುತ್ತಿತ್ತು. ಬರಬರುತ್ತ ಇಳಿದು, ಯುಗಾದಿಯ ಹೊತ್ತಿಗೆ ನೇರವಾಗಿ, ಮತ್ತೆ ಮಳೆಗಾಲ ಬಂದಾಗ ಇನ್ನೊಂದು ಮಗ್ಗುಲಿಗೆ ಹೊಟ್ಟೆ ಬಿಡಲು ಶುರುಮಾಡುತ್ತಿತ್ತು. ಬಿದಿರಿಗೆ ದಣಿವಾಗುತ್ತದೆಯೇ, ದಣಿದದ್ದು ಸುಧಾರಿಸಿಕೊಳ್ಳುತ್ತದೆಯೇ ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ಆ ನಡುಮನೆಯಲ್ಲೇ. ಅಜ್ಜನನ್ನು ಕೇಳಿದರೆ, "ಮಲಗಿದವರು ಮಗ್ಗುಲು ಬದಲಿಸೋದಿಲ್ವಾ, ಹಾಗೆ" ಎಂದು ಎಲೆ ಅಡಿಕೆಯ ತಟ್ಟೆ ಎಳೆದುಕೊಂಡಿದ್ದ.

1966ರ ಮಳೆಗಾಲದಲ್ಲಿ ಮಗ್ಗುಲು ಬದಲಿಸಿದ್ದು ಸಾಲದಾಯಿತು. ಚಾತುರ್ಮಾಸ್ಯಕ್ಕೆಂದು ಅಜ್ಜನ ಇಬ್ಬರು ಅಕ್ಕಂದಿರು ಬಂದು ನಮ್ಮಲ್ಲೇ ಉಳಿದಿದ್ದರು. ಇಬ್ಬರೂ ಮಡಿ ಹೆಂಗಸರು. ಗಳದ ಮೇಲೆ ಇನ್ನೆರಡು ಕೆಂಪು ಸೀರೆ ಹೆಚ್ಚಾದವು. ನವರಾತ್ರಿಗೆ ನೋಡಿದರೆ ಗಳ ಒಂದು ಗೇಣು ಇಳಿದಿದೆ. ತಿರುಗಿಸಿದರು. ದೀಪಾವಳಿ ಬಂದರೂ ಬೆನ್ನು ಇಳಿಯಲಿಲ್ಲ. ಹೊಸ ಗಳ ತರಬಹುದಿತ್ತು, ಬೆಟ್ಟದಲ್ಲಿ ಬಿದಿರಿಗೇನೂ ಬರವಿರಲಿಲ್ಲ. ಆದರೆ ಅದು ಅಜ್ಜಿಯ ಅತ್ತೆಯ ಕಾಲದ್ದು. ಅಡಿಕೆ ಕೊಯ್ಲಿಗೆ ಬುಟ್ಟಿ ಕೊಡಲು ಬಂದ ಮೇದರ ಹೆಂಗಸಿಗೆ ಅಜ್ಜಿ ಜಗಲಿಯಿಂದಲೇ ಕೇಳಿದಳು, "ಇದನ್ನ ನೇರ ಮಾಡ್ತೀಯೇನೆ?"

ನಾವು ಮಕ್ಕಳು ಅವಳನ್ನು ಮೊರದಕ್ಕ ಎನ್ನುತ್ತಿದ್ದೆವು. ಗೌರಿ ಹಬ್ಬದ ಬಾಗಿನದ ಮೊರ ತರುವವಳು ಅವಳೇ. ಅವಳು ಗಳವನ್ನು ಅಂಗಳದಲ್ಲಿ ಮಲಗಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ನಡುವಿನ ಮೂರು ಗೆಣ್ಣಿಗೆ ಒದ್ದೆ ಗೋಣಿ ಸುತ್ತಿ ಹೋದಳು. ಮಾರನೆಯ ದಿನ ಬಂದವಳು ಮೊದಲು ಮಾಡಿದ್ದು ಕಾದ ಕಬ್ಬಿಣದ ಕಡ್ಡಿಯಿಂದ ಒಂದೊಂದು ಗೆಣ್ಣಿನ ನಡುವೆಯೂ ಸಣ್ಣ ತೂತು ಕೊರೆದದ್ದು. "ಇಲ್ದಿದ್ರೆ ಒಳಗಿನ ಉಸಿರು ಕಾದು ಗರ್ನಾಲು ಹೊಡೆದಂಗೆ ಸಿಡೀತದೆ" ಎಂದಳು. ಆಮೇಲೆ ತೆಂಗಿನ ಗರಿ, ಅಡಿಕೆ ಸಿಪ್ಪೆಯ ಬೆಂಕಿ. ಉರಿಗೆ ಹಿಡಿಯಲಿಲ್ಲ, ಉರಿಯ ಮೇಲಿನ ಕಾವಿಗೆ ಹಿಡಿದಳು. ಅಡುಗೆ ಮಾಡುವ ನಮಗೆ ಈ ವ್ಯತ್ಯಾಸ ತಿಳಿಯುತ್ತದೆ. ತಿರುಗಿಸುತ್ತ ತಿರುಗಿಸುತ್ತ ಬಿದಿರಿನ ಹೊರಮೈ ಬೆವರಿತು. ಎಣ್ಣೆಯಂಥದೇನೋ ಹೊರಗೆ ಬಂದು ಮಿರುಗಿತು. ಅದನ್ನು ಚಿಂದಿಯಿಂದ ಒರೆಸಿದಳು. ನೆಲದಲ್ಲಿ ಹೂತ ಎರಡು ಗೂಟಗಳ ನಡುವೆ ಸಿಕ್ಕಿಸಿ, ಎದೆಯ ಭಾರವನ್ನೆಲ್ಲ ಹಾಕಿ ಒತ್ತಿದಳು. ನೇರವಾಯಿತು ಎಂದುಕೊಂಡರೆ ಅವಳು ನಿಲ್ಲಿಸಲಿಲ್ಲ, ಇನ್ನೂ ಒತ್ತಿದಳು. ಈಗ ಗಳ ಆಚೆ ಕಡೆಗೆ ಎರಡು ಬೆರಳು ಬಾಗಿತ್ತು. "ಜಾಸ್ತಿ ಆಯ್ತಲ್ಲ" ಎಂದು ನಾನು ಹೇಳಿದ್ದಕ್ಕೆ, "ಬಿಟ್ಟ ಮೇಲೆ ಒಂದಿಷ್ಟು ತಿರುಗಿ ಬರ್ತದೆ ಮಗಾ, ಅದಕ್ಕೆ ಮೊದ್ಲೇ ಲೆಕ್ಕ ಇಡ್ಬೇಕು" ಎಂದಳು. ತಣ್ಣಗಾಗುವವರೆಗೆ ಹಾಗೇ ಹಿಡಿದುಕೊಂಡು ಕೂತಳು. ಅವಸರವೇ ಇಲ್ಲ. ಬಿಟ್ಟಾಗ ಗಳ ನಿಧಾನ ಹಿಂದಕ್ಕೆ ಬಂದು, ನೇರವಾಗಿ ನಿಂತಿತು. ಅದರ ಮೈಮೇಲೆ ಮೂರು ಕಡೆ ಕಂದು ಕಲೆ ಉಳಿಯಿತು.

ಆಮೇಲೆ ಅಜ್ಜಿ ನನ್ನನ್ನು ಕರೆದು, ಬಾವಿಯಿಂದ ನೀರು ಸೇದಿ ಗಳದ ಮೇಲೆ ಹೊಯ್ಯಲು ಹೇಳಿದಳು. ಮೊರದಕ್ಕ ಮುಟ್ಟಿದ್ದಾಳಲ್ಲ. ಹತ್ತು ವರ್ಷದ ನಾನು ತಾಮ್ರದ ಕೊಡ ಹಿಡಿದು ನಿಂತೆ. ಅವಳು ಅಲ್ಲೇ ಬುಟ್ಟಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಳು. ತಲೆಯೆತ್ತಿ, "ಬ್ಯಾಡಿ ಅವ್ವಾ, ಬೆಂಕಿಗಿಂತ ಮುಂಚೆ ನೀರು ಬೇಕು, ಆಮೇಲೆ ಬ್ಯಾಡ. ಎರಡು ದಿನ ಒಣಗ್ಲಿ, ಇಲ್ದಿದ್ರೆ ಹಳೇ ಬಾಗೇ ತಿರುಗಿ ಬರ್ತದೆ" ಎಂದಳು. ಅವಮಾನದ ಮಾತೇ ಅವಳ ಬಾಯಲ್ಲಿ ಬರಲಿಲ್ಲ, ಕೆಲಸ ಕೆಡುವ ಮಾತು ಬಂತು. ಅಜ್ಜಿ ಕೇಳಲಿಲ್ಲ. "ಹೊಯ್ಯೇ" ಎಂದಳು. ನಾನು ಹೊಯ್ದೆ. ಒಂದಲ್ಲ, ಮೂರು ಕೊಡ.

ಮೊರದಕ್ಕ ಹೇಳಿದಂತೆಯೇ ಆಯಿತು. ಭಾರ ಏರುವ ಮೊದಲೇ ಗಳ ಎರಡು ಬೆರಳಿನಷ್ಟು ತನ್ನ ಹಳೆಯ ಬಾಗಿಗೆ ಮರಳಿತ್ತು.

ಅವಳಿಗೆ ಗೊತ್ತಿದ್ದದ್ದು ಏನು ಎಂದು ಅರ್ಥಮಾಡಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು. ಮಳೆಗಾಲದಲ್ಲಿ ನಾವು ನೆನೆಹಾಕಿ, ದಿನವೂ ನೀರು ಬದಲಿಸಿ ಹುಳಿ ಮಾಡಿ ತಿನ್ನುವ ಕಳಲೆ ಇದೆಯಲ್ಲ, ಅದು ನೆಲದಿಂದ ಮೇಲೇಳುವಾಗಲೇ ಮುಂದಿನ ಬಿದಿರಿನ ದಪ್ಪ ನಿಶ್ಚಯವಾಗಿಬಿಟ್ಟಿರುತ್ತದೆ. ಬೇರೆ ಮರಗಳಂತೆ ವರ್ಷ ವರ್ಷ ಅದು ದಪ್ಪವಾಗುವುದಿಲ್ಲ. ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರಕ್ಕೆ ಬೆಳೆದು, ಮುಂದಿನ ಮೂರು ನಾಲ್ಕು ವರ್ಷ ಸುಮ್ಮನೆ ನಿಂತು ಗಟ್ಟಿಯಾಗುತ್ತದೆ. ಅದರ ಮೈಯೊಳಗೆ ಉದ್ದಕ್ಕೂ ಹುರಿಯಂಥ ನಾರುಗಳು, ಹೊರಗಡೆಗೆ ದಟ್ಟ, ಒಳಗಡೆಗೆ ವಿರಳ. ನಾರುಗಳ ನಡುವೆ ಮೆತ್ತನೆಯ ತಿರುಳು. ಎಲ್ಲವನ್ನೂ ಅಂಟಿಸಿ ಹಿಡಿದಿರುವುದು ಲಿಗ್ನಿನ್ ಎಂಬ ವಸ್ತು. ಭಾರ ಬಿದ್ದಾಗ ನಾರು ಸ್ಪ್ರಿಂಗಿನಂತೆ ವರ್ತಿಸುತ್ತದೆ, ತಿರುಳು ಮತ್ತು ಅಂಟು ಬೆಲ್ಲದ ಪಾಕದಂತೆ ನಿಧಾನವಾಗಿ ಜರುಗುತ್ತವೆ. ಆದ್ದರಿಂದ ಬಾಗಿನಲ್ಲಿ ಮೂರು ಪಾಲು. ಭಾರ ತೆಗೆದ ಕ್ಷಣವೇ ಹಿಂತಿರುಗುವುದು ಒಂದು ಪಾಲು. ಗಂಟೆಗಟ್ಟಲೆ, ದಿನಗಟ್ಟಲೆ ತೆಗೆದುಕೊಂಡು ನಿಧಾನವಾಗಿ ಹಿಂತಿರುಗುವುದು ಇನ್ನೊಂದು. ತಿರುಗಿ ಬಾರದೆ ಉಳಿಯುವುದು ಮೂರನೆಯದು. ಅಜ್ಜಿಯ ತಿರುಗಿಸುವ ಔಷಧಿ ಎರಡನೆಯ ಪಾಲಿಗೆ ನಾಟುತ್ತಿತ್ತು. ಮೂರನೆಯದಕ್ಕೆ ಎದುರು ಮಗ್ಗುಲಿನ ಭಾರವೋ ಬೆಂಕಿಯೋ ಬೇಕು.

ಹೊತ್ತ ಭಾರಕ್ಕಿಂತ ಹೊತ್ತ ಕಾಲ ದೊಡ್ಡದು ಎಂಬುದನ್ನೂ ಲೆಕ್ಕ ಹಾಕಿದ್ದಾರೆ. ಅಮೆರಿಕದ ಮ್ಯಾಡಿಸನ್ ಊರಿನ ಮರದ ಪ್ರಯೋಗಾಲಯದಲ್ಲಿ 1951ರ ಹೊತ್ತಿಗೆ ಕಂಡುಕೊಂಡಂತೆ, ಒಂದು ಮರದ ತೊಲೆ ಕೆಲವು ನಿಮಿಷ ತಡೆಯಬಲ್ಲ ಭಾರವನ್ನು 10 ವರ್ಷ ತಡೆಯಲಾರದು. ಹತ್ತು ವರ್ಷಕ್ಕಾದರೆ ಸುಮಾರು ಶೇ. 60ರಷ್ಟನ್ನು ಮಾತ್ರ ಹೊರಿಸಬೇಕು. ಇದಕ್ಕಿಂತ ನನ್ನ ಕಣ್ಣು ತೆರೆಸಿದ್ದು ಆಸ್ಟ್ರೇಲಿಯಾದ ಆರ್ಮ್‌ಸ್ಟ್ರಾಂಗ್ ಮತ್ತು ಕಿಂಗ್‌ಸ್ಟನ್ ಎಂಬ ಇಬ್ಬರು 1960ರಲ್ಲಿ ಪ್ರಕಟಿಸಿದ ಸಂಗತಿ. ಭಾರ ಹೊತ್ತ ಮರ ಸದಾ ಒಣಗಿದ್ದರೆ ಸ್ವಲ್ಪ ಬಾಗುತ್ತದೆ, ಸದಾ ಒದ್ದೆಯಿದ್ದರೆ ಇನ್ನಷ್ಟು ಬಾಗುತ್ತದೆ. ಭಾರ ಹೊತ್ತಿರುವಾಗಲೇ ನೆನೆದು, ಒಣಗಿ, ಮತ್ತೆ ನೆನೆದು, ಮತ್ತೆ ಒಣಗುತ್ತಿದ್ದರೆ ಎರಡನ್ನೂ ಮೀರಿ ಬಾಗುತ್ತದೆ. ನಮ್ಮ ನಡುಮನೆಯಲ್ಲಿ ನಡೆಯುತ್ತಿದ್ದುದು ಇನ್ನೇನು? ಬೆಳಗ್ಗೆ ಒದ್ದೆ ಸೀರೆ, ರಾತ್ರಿ ಕೆಂಡ. ಗಳವನ್ನು ಬಗ್ಗಿಸಲೆಂದೇ ಯಾರೋ ಕೂತು ಯೋಚಿಸಿ ಏರ್ಪಡಿಸಿದಂತಿತ್ತು ನಮ್ಮ ವ್ಯವಸ್ಥೆ. ಇದರ ಇನ್ನೊಂದು ಮುಖವೂ ಇದೆ. ಭಾರ ಇಳಿಸಿದ ಮೇಲೆ ನೆನೆಸಿದರೆ, ಹಿಡಿದು ಕೂರಿಸಿದ್ದ ಬಾಗು ಸಡಿಲಗೊಂಡು ಹಳೆಯ ಆಕಾರಕ್ಕೆ ಸ್ವಲ್ಪ ಮರಳುತ್ತದೆ. ಮೊರದಕ್ಕ ಬೇಡವೆಂದದ್ದು ಅದಕ್ಕೇ.

ಬೆಂಕಿಯ ಕೆಲಸವೂ ಇದೇ ಸೂತ್ರದ್ದು. ನೀರು ಕುಡಿದ ಲಿಗ್ನಿನ್ ಕುದಿಯುವ ನೀರಿನ ಕಾವಿನ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಒಣಗಿದ್ದರೆ ಬಹಳ ಹೆಚ್ಚು ಬಿಸಿ ಬೇಕು, ಅಷ್ಟು ಹೊತ್ತಿಗೆ ಬಿದಿರು ಕರಕಲಾಗುತ್ತದೆ. ಹಿಂದಿನ ದಿನದ ಒದ್ದೆ ಗೋಣಿಯ ಗುಟ್ಟು ಇಷ್ಟೇ. ಮೆತ್ತಗಿರುವಾಗ ಬೇಕಾದ ಆಕಾರಕ್ಕೆ ತಂದು, ತಣಿಯುವವರೆಗೆ ಬಿಡದೆ ಹಿಡಿದರೆ ಅದೇ ಅದರ ಆಕಾರ. ಹೋಳಿಗೆಗೆ ಪಾಕ ಹಿಡಿಯುವವರಿಗೆ ಇದರಲ್ಲಿ ಹೊಸತೇನೂ ಕಾಣಲಾರದು.

ಈ ಸೂತ್ರವನ್ನು ಹಿಡಿದು ಹಿಂದಕ್ಕೆ ನೋಡಿದರೆ ಚರಿತ್ರೆಯಲ್ಲಿ ಎಷ್ಟೋ ಕಡೆ ಬಿದಿರಿನ ಬಾಗು ಕಾಣುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರ ಬಿಲ್ಲುಗಳನ್ನು ಎಣಿಸುವಾಗ ತಾಳೆಯದು, ಚಾಪ, ಮರದ್ದು, ಕೊಂಬಿನದು ಎಂದು ನಾಲ್ಕು ಬಗೆ ಹೇಳುತ್ತದೆ. ಚಾಪವೆಂದರೆ ಬಿದಿರಿನದು ಎಂದು ವ್ಯಾಖ್ಯಾನಕಾರರ ಅರ್ಥ. ಬಿಲ್ಲಿಗೆ ಸದಾ ಹೆದೆ ಏರಿಸಿ ಇಡುವಂತಿಲ್ಲ. ಇಟ್ಟರೆ ನಮ್ಮ ಗಳದಂತೆ ಅದೂ ಸೋತು, ಬಾಣಕ್ಕೆ ಕಸುವು ಉಳಿಯುವುದಿಲ್ಲ. ಕೆಲಸವಾದ ಮೇಲೆ ಹೆದೆ ಇಳಿಸಿ ಬಿಲ್ಲಿಗೆ ವಿಶ್ರಾಂತಿ ಕೊಡಬೇಕು. ಸೀತೆಯ ಸ್ವಯಂವರದಲ್ಲಿ ಹೆದೆ ಏರಿಸುವುದೇ ಏಕೆ ಪಂಥ ಎಂದು ಚಿಕ್ಕಂದಿನಲ್ಲಿ ನನಗೆ ಅನ್ನಿಸುತ್ತಿತ್ತು, ಬಾಣ ಬಿಟ್ಟು ತೋರಿಸಬಾರದಿತ್ತೇ ಎಂದು. ಆ ಬಿಲ್ಲು ಎಷ್ಟು ಕಾಲದಿಂದ ಹೆದೆ ಇಳಿಸಿಕೊಂಡು ಮಲಗಿತ್ತೋ! ಶಿವಧನುಸ್ಸು ಬಿದಿರಿನದಲ್ಲ ಬಿಡಿ, ಆದರೆ ಕಥೆ ಹೇಳಿದವರಿಗೆ ಬಿಲ್ಲುಗಳ ಸ್ವಭಾವ ಗೊತ್ತಿತ್ತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಪಲ್ಲಕ್ಕಿಯ ದಂಡಿಗೆ. ಇಂದು ದೇವರ ಉತ್ಸವದಲ್ಲಿ ನೋಡುತ್ತೇವಲ್ಲ, ನಡುವೆ ಕಮಾನಿನಂತೆ ಮೇಲೆದ್ದ ಆ ದಂಡ. 14ನೆಯ ಶತಮಾನದಲ್ಲಿ ಮೊರಾಕ್ಕೊದಿಂದ ಬಂದ ಇಬ್ನ್ ಬತೂತ ನಮ್ಮ ದೇಶದ ಡೋಲಿಯನ್ನು ನೋಡಿ ಬರೆದಿಟ್ಟಿದ್ದಾನೆ: ರೇಷ್ಮೆಯ ಅಥವಾ ಹತ್ತಿಯ ಹುರಿಯಿಂದ ಹೆಣೆದ ಮಂಚ, ಅದರ ಮೇಲೆ ಗಟ್ಟಿ ಬಿದಿರಿನ ಬಾಗಿದ ದಂಡ, ಹೊರಲು ಎಂಟು ಜನ, ನಾಲ್ವರು ಹೊತ್ತರೆ ನಾಲ್ವರಿಗೆ ವಿಶ್ರಾಂತಿ. ಹೆಂಗಸರದಾದರೆ ಸುತ್ತ ರೇಷ್ಮೆಯ ಪರದೆ.

ಇನ್ನೂ ವಿವರವಾಗಿ ಬರೆದವನು ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ. 1623ರಲ್ಲಿ ಗೋವೆಗೆ ಬಂದ. ನೇರ ದಂಡದ ಡೋಲಿ ಬೇರೆ, ಬಾಗಿದ ದಂಡದ ಪಲ್ಲಕ್ಕಿ ಬೇರೆ ಎಂದು ಅವನು ಗುರುತಿಸುತ್ತಾನೆ. ಬಾಗು ಇರುವುದು ಒಳಗೆ ಕೂತವರು ತಲೆ ಎತ್ತಿ ಕೂರಲು ಅನುಕೂಲವಾಗಲೆಂದು, ಗ್ರೀಕರ ಒಮೇಗಾ ಅಕ್ಷರದ ಹಾಗೆ ಮೇಲಕ್ಕೆ ಎದ್ದಿರುತ್ತದೆ. ಇದಕ್ಕಾಗಿ ಬಿದಿರನ್ನು ಎಳೆಯದಿರುವಾಗಲೇ ಬಗ್ಗಿಸಿ ಬೆಳೆಸುತ್ತಾರೆ. ಭಾರ ತಡೆಯುವಂಥ ಬಾಗಿದ ಬಿದಿರು ಅಪರೂಪವಾದ್ದರಿಂದ ಒಂದೊಂದಕ್ಕೆ 100, 120 ಪರ್ದಾವು ಬೆಲೆ. ಪರ್ದಾವು ಎಂದರೆ ಆಗಿನ ಗೋವೆಯ ನಾಣ್ಯ. ಅದೇ ಶತಮಾನದಲ್ಲಿ ಬಂದ ಫ್ರೆಂಚ್ ವ್ಯಾಪಾರಿ ಟಾವರ್ನಿಯೆ ಕೂಡ, ಎಳೆಯದರಲ್ಲೇ ಬಿದಿರನ್ನು ಬಿಲ್ಲಿನಂತೆ ಬಗ್ಗಿಸುತ್ತಾರೆ ಎಂದೇ ಹೇಳುತ್ತಾನೆ.

ಬೆಂಕಿಯಿಂದ ಬಗ್ಗಿಸುವುದು ಸುಲಭವಾಗಿರುವಾಗ ಇಷ್ಟು ಕಷ್ಟವೇಕೆ? ಕಳಲೆ ಮೇಲೆದ್ದ ಮೇಲೆ ಸಿಗುವುದು ಕೆಲವೇ ವಾರ, ಅಷ್ಟರಲ್ಲಿ ಕಟ್ಟಿ ಬಗ್ಗಿಸಬೇಕು, ದನ ಮೇಯದಂತೆ ಕಾಯಬೇಕು, ಆಮೇಲೆ ಮೂರು ವರ್ಷ ಬಲಿಯಲು ಬಿಡಬೇಕು. ನನ್ನ ಊಹೆ ಹೀಗಿದೆ. ಬೆಂಕಿಯಲ್ಲಿ ಬಗ್ಗಿದ ಬಿದಿರಿನ ಮೈಯಲ್ಲಿ ನೇರವಾಗಿದ್ದ ಕಾಲದ ಸೆಳೆತ ಉಳಿದಿರುತ್ತದೆ. ಮಳೆಯಲ್ಲಿ ನೆನೆದು, ಬಿಸಿಲಲ್ಲಿ ಕಾದು, ಮೇಲೆ ಭಾರವೂ ಇದ್ದರೆ ಆ ಬಾಗು ಸಡಿಲವಾಗುತ್ತದೆ. ಹುಟ್ಟುವಾಗಲೇ ಬಾಗಿಸಿದ್ದಕ್ಕೆ ಹಿಂತಿರುಗಿ ಹೋಗಲು ಬೇರೆ ಆಕಾರವೇ ಇರುವುದಿಲ್ಲ. ಇದನ್ನು ಬರೆಯುವಾಗ ನನಗೆ ನಡುಮನೆಯಲ್ಲಿ ತಲೆ ತಗ್ಗಿಸಿ ಹಾಯುತ್ತಿದ್ದ ಮಕ್ಕಳ ನೆನಪಾಗುತ್ತದೆ. ಇರಲಿ.

ದೆಲ್ಲಾ ವಾಲೆ ಹೇಳುವ ಇನ್ನೊಂದು ಸಂಗತಿ ಬಿಡಲು ಮನಸ್ಸಾಗುವುದಿಲ್ಲ. ಪೋರ್ಚುಗೀಸರ ಸೀಮೆಯಲ್ಲಿ ಗಂಡಸರು ಪಲ್ಲಕ್ಕಿಯಲ್ಲಿ ಹೋಗುವುದನ್ನು ಕಾನೂನು ನಿಷೇಧಿಸಿತ್ತಂತೆ. ಅದು ಹೆಣ್ಣಿಗತನ ಎಂದು! ಆದರೆ ಮಳೆ ಶುರುವಾದೊಡನೆ ಒಬ್ಬೊಬ್ಬರೇ ವಶೀಲಿ ಹಿಡಿದು, ಲಂಚ ಕೊಟ್ಟು ಅನುಮತಿ ಪಡೆಯುತ್ತಿದ್ದರಂತೆ. ಕೊನೆಗೆ ಹೆಚ್ಚುಕಡಿಮೆ ಎಲ್ಲರೂ ಎಲ್ಲ ಕಾಲದಲ್ಲೂ ಅದರಲ್ಲೇ ತಿರುಗುತ್ತಿದ್ದರಂತೆ. ಹೆಣ್ಣಿಗತನವೆಂದು ಹೆಸರಿಟ್ಟ ಸುಖಗಳನ್ನು ಗಂಡಸರು ಹೀಗೆ ಹಿಂಬಾಗಿಲಿನಿಂದ ಪಡೆಯುವುದು ನಾಲ್ಕು ಶತಮಾನದ ಹಿಂದೆಯೂ ಇತ್ತು ಎಂದು ಓದಿ ನಾನು ಒಬ್ಬಳೇ ನಕ್ಕಿದ್ದೇನೆ.

ಅದೇ ವರ್ಷದ ಕೊನೆಗೆ ಅವನು ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆಯ ದಾರಿಯಾಗಿ ಘಟ್ಟ ಹತ್ತಿ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ಇಕ್ಕೇರಿಯೆಂದರೆ ನಮ್ಮ ಮನೆಯ ಬಾಗಿಲು. ಅಘೋರೇಶ್ವರನ ತೇರಿಗೆ ನಾವು ನಡೆದೇ ಹೋಗುತ್ತಿದ್ದೆವು. ಅಲ್ಲಿಂದ ಕರಾವಳಿಗೆ ಇಳಿದು ಮಂಗಳೂರಿನ ಕಡೆ ಹೋದಾಗ ಅವನಿಗೆ ಉಳ್ಳಾಲದ ರಾಣಿಯನ್ನು ಕಾಣುವ ಆಸೆ. ದಂಡಿಗೆ ಪಲ್ಲಕ್ಕಿ ಬಿರುದುಬಾವಲಿಗಳಲ್ಲಿ ಬರುತ್ತಾಳೆಂದು ನಾವಾದರೂ ಊಹಿಸುತ್ತಿದ್ದೆವು. ಅವಳು ಬಂದದ್ದು ನಡೆದುಕೊಂಡು, ಬರಿಗಾಲಲ್ಲಿ. ಸೊಂಟಕ್ಕೆ ಒಂದು ಸಾದಾ ಬಿಳಿ ಬಟ್ಟೆ, ಮೇಲೆ ತಾಳೆಗರಿಯ ಕೊಡೆ. ಗದ್ದೆಗೆ ನೀರು ಹಾಯಿಸಲು ತೋಡುತ್ತಿದ್ದ ಕಾಲುವೆಯನ್ನು ನೋಡಲು ಹೊರಟಿದ್ದಳಂತೆ. ಸುಮಾರು ನಲವತ್ತರ ಪ್ರಾಯ, ಕಪ್ಪು ಬಣ್ಣ, ತುಂಬಿದ ಮೈ. ಮಾತು ಕೇಳಿದರೆ ಚತುರೆ. ಆ ಪುಟವನ್ನು ನಾನು ಎಷ್ಟು ಸಲ ಓದಿದ್ದೇನೋ.

ನಮ್ಮ ಸೀಮೆಯಲ್ಲಿ ಪಲ್ಲಕ್ಕಿ ಬರಿಯ ವಾಹನವಾಗಿ ಉಳಿಯಲಿಲ್ಲ. ಶೃಂಗೇರಿಯ ಗುರುಗಳಿಗೆ ಅಡ್ಡಪಲ್ಲಕ್ಕಿಯ ಮರ್ಯಾದೆ ಎಂದು ಕೇಳಿದ್ದೀರಷ್ಟೆ. ದಂಡಿಗೆ ದಾರಿಗೆ ಅಡ್ಡವಾಗಿರುವಂತೆ ಹೊರುವುದು. ಎದುರಿನಿಂದ ಬರುವವರಿಗೆ, ಹಿಂದಿನಿಂದ ದಾಟುವವರಿಗೆ ದಾರಿಯೇ ಇಲ್ಲ. ಹೊರುವ ಬೋಯಿಗಳು ಪಕ್ಕಕ್ಕೆ ಹೆಜ್ಜೆಯಿಡಬೇಕು. ಎಲ್ಲರೂ ನೋಡುವುದು ಪಲ್ಲಕ್ಕಿಯನ್ನು. ನನ್ನ ಕಣ್ಣು ಈಗೀಗ ದಂಡಿಗೆಯ ಎರಡು ತುದಿಗಳ ಕಡೆಗೆ ಹೋಗುತ್ತದೆ. ಕಮಾನು ಕೂತವರ ತಲೆಗೆ ಜಾಗ ಮಾಡಿಕೊಟ್ಟಿತು, ತುದಿ ಹೆಗಲ ಮೇಲೇ ಇದೆ. ಹೊರುವವರಿಗೆ ಬಿದಿರಿನ ಬಾಗಿನಿಂದ ಏನಾದರೂ ಲಾಭವಾಯಿತೇ ಎಂದು ನಾನು ಹುಡುಕಿದ್ದೇನೆ. ಎರಡು ಕೊಡ ತೂಗಿಸಿ ಹೆಗಲ ಮೇಲೆ ಹೊರುವ ಕಾವಡಿಯ ಬಗ್ಗೆ ಅಮೆರಿಕದ ರಾಜರ್ ಕ್ರಾಮ್ ಎಂಬವರು 1991ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಬಿದಿರಿನ ಬದಲು ಬಳುಕುವ ಪ್ಲಾಸ್ಟಿಕ್ ಕೊಳವೆ ಬಳಸಿದ್ದರು. ಹೆಗಲಿಗೆ ಬೀಳುವ ಪೆಟ್ಟಿನ ಬಿರುಸು ಕಡಿಮೆಯಾಯಿತು. ಆದರೆ ಓಡುವವನ ದೇಹ ಖರ್ಚು ಮಾಡಿದ ಶಕ್ತಿ ಕಡಿಮೆಯಾಗಲಿಲ್ಲ. ಪೆಟ್ಟು ಮೆತ್ತಗೆ, ದಣಿವು ಅಷ್ಟೇ.

ಬಿದಿರು ಬಾಗಿ ಏಳುವುದನ್ನು ಹೆಣ್ಣಿಗೆ ಹೋಲಿಸಿ ಮಾತಾಡುವುದು ನಮ್ಮ ಸಭೆಗಳಲ್ಲಿ ಒಂದು ರೂಢಿ. ಮಹಿಳಾ ಸಮಾಜದ ವಾರ್ಷಿಕೋತ್ಸವದಲ್ಲಿ ಅತಿಥಿಯೊಬ್ಬರು ಅದನ್ನೇ ಅರ್ಧ ಗಂಟೆ ಹೇಳಿದರು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅಜ್ಜಿಯ ಬೆನ್ನು ಎಪ್ಪತ್ತರ ನಂತರ ಬಾಗಿತು, ಯಾವ ಮಗ್ಗುಲು ತಿರುಗಿದರೂ ನೇರವಾಗಲಿಲ್ಲ. ಮೂಳೆಯ ಲೆಕ್ಕ ಬೇರೆ. ಬಿದಿರಿಗಾದರೂ ಪ್ರತಿ ಸಲವೂ ಒಂದು ಪಾಲು ತಿರುಗಿ ಬಾರದೆ ಉಳಿದೇ ಉಳಿಯುತ್ತದೆ, ಆ ಮಾತನ್ನು ಅತಿಥಿಗಳು ಹೇಳುವುದಿಲ್ಲ.

ಮೊರದಕ್ಕನ ವಿದ್ಯೆ ಆಮೇಲೆ ಕಾರ್ಖಾನೆಗೂ ಹೋಯಿತು. ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆಯವರು ಬಿದಿರಿನ ಚಾಪೆಗಳಿಗೆ ಅಂಟು ಹಚ್ಚಿ, ಒಂದರ ಮೇಲೊಂದು ಪೇರಿಸಿ, ಕಾದ ಅಚ್ಚಿನಲ್ಲಿ ಒತ್ತಿ ಮಾಡಿಗೆ ಹೊದಿಸುವ ಅಲೆಅಲೆಯ ಹಾಳೆಗಳನ್ನು ಮಾಡಿದರು. ತೇವ, ಕಾವು, ಒತ್ತಡ, ಹಿಡಿದ ಹಿಡಿತ, ಎಲ್ಲ ಅದೇ. ಚಾಪೆ ಹೆಣೆಯುವ ಕೆಲಸ ಮಾತ್ರ ಹೆಂಗಸರ ಕೈಯಲ್ಲೇ ಉಳಿಯಿತು. ಮೇದರಿಗೆ ಬಿದಿರು ಸಿಗುವುದು ಅಷ್ಟರಲ್ಲಿ ದುಸ್ತರವಾಗಿತ್ತು. 1927ರ ಅರಣ್ಯ ಕಾಯಿದೆಯ ಲೆಕ್ಕದಲ್ಲಿ ಬಿದಿರೂ ಒಂದು ಮರ. ಹುಲ್ಲಿನ ಜಾತಿಯೆಂದು ಸಸ್ಯಶಾಸ್ತ್ರ ಹೇಳಿದ್ದು ಕಾಯಿದೆಯ ಕಿವಿಗೆ ಬಿದ್ದದ್ದು 2017ರಲ್ಲಿ. ಅದೂ ಕಾಡಿನ ಹೊರಗೆ ಬೆಳೆದ ಬಿದಿರಿಗೆ ಮಾತ್ರ. 12ನೆಯ ಶತಮಾನದಲ್ಲಿ ಮೇದಾರ ಕೇತಯ್ಯ ಬುಟ್ಟಿ ಹೆಣೆದು ಕಾಯಕ ಮಾಡಿದ ನಾಡಿದು. ಅವನು ಪರವಾನಗಿ ಕೇಳಲು ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ತವರುಮನೆ 2004ರಲ್ಲಿ ಪಾಲಾಯಿತು. ನಡುಮನೆ ಇದ್ದ ಭಾಗವನ್ನು ಕೆಡವಿದರು. ಯಾರಿಗೂ ಬೇಡವಾದ ಗಳವನ್ನು ನಾನು ತಂದೆ. ನಮ್ಮ ಪೇಟೆಯ ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಕಾರ್ ಶೆಡ್ಡಿನ ಅಟ್ಟದ ಮೇಲೆ ಮಲಗಿತು, ಯಾವ ಭಾರವೂ ಇಲ್ಲದೆ. ಕಳೆದ ವರ್ಷ ಶೆಡ್ಡಿನ ಹೆಂಚು ಬದಲಿಸುವಾಗ ಕೆಳಗಿಳಿಸಿದರು. ಹುಳ ಹಿಡಿದಿರಲಿಲ್ಲ. ಎಷ್ಟೋ ವರ್ಷ ಕೆಂಡದ ಹೊಗೆ ಕುಡಿದಿತ್ತಲ್ಲ. ಎರಡು ತುದಿಗೆ ದಾರ ಬಿಗಿದು ನೋಡಿದೆ. ನಡುವೆ ಇನ್ನೂ ಎರಡು ಬೆರಳು ಬಾಗು. ಮೂರು ಕಂದು ಕಲೆಗಳು ಹಾಗೇ ಇದ್ದವು.

ಗೌರಿ ಹಬ್ಬಕ್ಕೆ ಮೊರ ತರಲು ಮೇದರ ಕೇರಿಗೆ ಹೋದಾಗ ಗಳವನ್ನೂ ಆಟೋದ ಮೇಲೆ ಕಟ್ಟಿಸಿಕೊಂಡು ಹೋದೆ. ಈಗ ಆ ಕೇರಿಯಲ್ಲಿ ಉಳಿದಿರುವುದು ನಾಲ್ಕೇ ಮನೆ. ನಡುವಯಸ್ಸಿನ ಹೆಂಗಸೊಬ್ಬಳು ಕಲೆಗಳ ಮೇಲೆ ಬೆರಳಾಡಿಸಿ, "ಇದನ್ನ ಮೊದ್ಲೇ ಯಾರೋ ನಮ್ಮೋರು ಮಾಡಿದಾರೆ" ಎಂದಳು. ಪೂರ್ತಿ ನೇರವಾಗುತ್ತದೆಯೇ ಎಂದು ಕೇಳಿದೆ. "ಹಳೇ ಬಿದಿರು ಅಮ್ಮಾ, ಜಾಸ್ತಿ ಒತ್ತಿದ್ರೆ ಸೀಳ್ತದೆ. ಒಂದು ಬೆರಳು ಬಿಡೋಣ" ಎಂದಳು. ಬಿಟ್ಟೆವು. ಹೇಳಿದ ಹಣ ಕೊಟ್ಟೆ. ಅವಳ ಮಗ ಬಂದು ಹಿಂದಿನ ವರಾಂಡದಲ್ಲಿ ಹಗ್ಗ ಹಾಕಿ ಕಟ್ಟಿಕೊಟ್ಟ. ಒಂದು ತುದಿಯನ್ನು ನಾನೇ ಎತ್ತಿ ಹಿಡಿದಿದ್ದೆ.

ತೊಂಬತ್ತರ ಹೊಸ್ತಿಲಲ್ಲಿರುವ ಅಮ್ಮ ಈಗ ನನ್ನ ಜೊತೆಗಿದ್ದಾಳೆ. ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದವಳು, ಹುಡುಗ ಹೋದ ಮೇಲೆ ಮೆಲ್ಲಗೆ ಕೇಳಿದಳು:

"ಗಳ ತೊಳೆದ್ಯೇನೆ?"

"ಎರಡು ದಿನ ನೀರು ತಾಗಿಸಬಾರದಂತಮ್ಮ."

"ಆಮೇಲೆ?"

"ಆಮೇಲೆ ಒರೆಸ್ತೀನಿ" ಎಂದೆ.